ತಿಳಿಯಿತೇ ಎಂದು ಕೇಳುತ್ತಿದ್ದ ವರ್ಷಗಳು

ನಿವೃತ್ತಿಯಾದ ಮೇಲೆ ಮೊದಲ ಎಂಟು ದಿನ ನಾನು ಯಾರೊಂದಿಗೂ ಹೆಚ್ಚು ಮಾತಾಡಲಿಲ್ಲ. ಮನೆಯವರು ಗಾಬರಿಯಾದರು. ನನಗೇನೂ ಆಗಿರಲಿಲ್ಲ, ಬಾಯಿ ದಣಿದಿತ್ತು ಅಷ್ಟೇ. ಕಾಶಿಯ ಗೋದೌಲಿಯಾ ಚೌಕದಿಂದ ಜಂಗಮವಾಡಿಯ ಕಡೆ ಹೊರಳುವ ಗಲ್ಲಿಯೊಂದರ ಧರ್ಮಾಸ್ಪತ್ರೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನಾನು ನರ್ಸಾಗಿದ್ದೆ. ಅದರಲ್ಲಿ ಬಹುಪಾಲು ಸಕ್ಕರೆ ಕಾಯಿಲೆಯವರ ವಿಭಾಗದಲ್ಲಿ. ಸೂಜಿ ಚುಚ್ಚುವುದು, ರಕ್ತ ನೋಡುವುದು ದಿನಕ್ಕೆ ಒಂದು ಗಂಟೆಯ ಕೆಲಸ. ಉಳಿದದ್ದೆಲ್ಲ ಮಾತು.

ಬಾಗಲಕೋಟೆ ಕಡೆಯ ನೀಲಮ್ಮ ಇಲ್ಲಿಗೆ ಬಂದು ನೀಲಮ್ ದೀದಿಯಾದೆ. ನನ್ನವರು ಕರ್ನಾಟಕದ ಯಾತ್ರಿಕರು ಇಳಿದುಕೊಳ್ಳುವ ಒಂದು ವಸತಿಗೃಹದಲ್ಲಿ ಗುಮಾಸ್ತರು. ಮಕ್ಕಳು ಮನೆಯಲ್ಲಿ ಕನ್ನಡದಲ್ಲಿ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. ಊರಲ್ಲಿ ನನ್ನ ತಂಗಿಯ ಮಗಳು ಈಗ ಇದೇ ಕೆಲಸಕ್ಕೆ ಸೇರಿದ್ದಾಳೆ. ಫೋನಿನಲ್ಲಿ, "ದೊಡ್ಡವ್ವ, ಎಷ್ಟ ಹೇಳಿದ್ರೂ ಪೇಷಂಟು ಕೇಳೂದೇ ಇಲ್ಲ ನೋಡು" ಎಂದು ಅಳುವ ಧ್ವನಿಯಲ್ಲಿ ಹೇಳಿದಳು. ಅವಳಿಗೂ ಅವಳಂಥವರಿಗೂ ಇದನ್ನು ಬರೆಯುತ್ತಿದ್ದೇನೆ. ಉಪದೇಶವೆಂದುಕೊಳ್ಳಬೇಡಿ. ಉಪದೇಶ ಮಾಡುವ ಶಕ್ತಿ ಈಗ ನನ್ನಲ್ಲಿಲ್ಲ.

ನಾನು ಸೇರಿದಾಗ ರಕ್ತ ನೋಡುವ ಯಂತ್ರವಿರಲಿಲ್ಲ. ಗಾಜಿನ ನಳಿಕೆಯಲ್ಲಿ ನೀಲಿ ದ್ರಾವಣ ಹಾಕಿ, ಅದಕ್ಕೆ ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಹಿಡಿದು ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಒಳ್ಳೆಯದು. ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು. ರೋಗಿಗಳು ಸುತ್ತ ನಿಂತು ಬಣ್ಣ ನೋಡುತ್ತಿದ್ದರು. ಕೆಂಪು ಬಂದವರ ಮುಖ ನೋಡಿ ಹಸಿರು ಬಂದವರು ಸಮಾಧಾನ ಪಡುತ್ತಿದ್ದರು. ಆಮೇಲೆ ಬೆರಳು ಚುಚ್ಚುವ ಯಂತ್ರ ಬಂತು, ಆಮೇಲೆ ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ಬಂತು. ಮೊದಲೆಲ್ಲ ಆಸ್ಪತ್ರೆಗೆ ಬರುವ ಹಿಂದಿನ ದಿನ ಊಟ ಬಿಟ್ಟು ಬಂದು ನಮಗೆ ಸುಳ್ಳು ಲೆಕ್ಕ ತೋರಿಸುತ್ತಿದ್ದವರು, ಈ ಪರೀಕ್ಷೆ ಬಂದ ಮೇಲೆ ಸಿಕ್ಕಿಬಿದ್ದರು. ಸಿಕ್ಕಿಬಿದ್ದವರಲ್ಲಿ ಅರ್ಧ ಜನ ಮತ್ತೆ ಬರಲಿಲ್ಲ. ಯಂತ್ರಗಳು ಸುಧಾರಿಸಿದಂತೆ ಜನ ಸುಧಾರಿಸುತ್ತಾರೆ ಎಂದು ನಾನು ಬಹಳ ವರ್ಷ ನಂಬಿದ್ದೆ.

ನಮ್ಮ ಮೇಲೆ ಇದ್ದವರು ದೊಡ್ಡ ಡಾಕ್ಟರ್ ಸಾಹೇಬರು. ಒಳ್ಳೆಯ ಕೈಗುಣ, ಚಿಕ್ಕ ತಾಳ್ಮೆ. ಒಬ್ಬೊಬ್ಬರಿಗೆ ಎರಡು ನಿಮಿಷ. ಕೊನೆಯಲ್ಲಿ ಪ್ರತಿಯೊಬ್ಬರಿಗೂ ಒಂದೇ ಮಾತು: "ಪರ್ಹೇಜ್ ನಹೀ ಕರೋಗೆ ತೊ ಪೈರ್ ಕಟೇಗಾ." ಪಥ್ಯ ಮಾಡದಿದ್ದರೆ ಕಾಲು ಕತ್ತರಿಸಬೇಕಾಗುತ್ತದೆ. ಬರೀ ಮಾತಲ್ಲ, ಕೊಳೆತ ಪಾದವೊಂದರ ಬಣ್ಣದ ಚಿತ್ರವನ್ನು ಕಟ್ಟು ಹಾಕಿಸಿ ಬೆಂಚಿನ ಎದುರಿನ ಗೋಡೆಗೆ ತೂಗುಹಾಕಿಸಿದ್ದರು. ಹೆಂಗಸರು ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದು ಕೂರುತ್ತಿದ್ದರು. ಒಂದು ದಿನ ನಾನು ಅದನ್ನು ಇಳಿಸಿ ಕಪಾಟಿನ ಹಿಂದೆ ಇಟ್ಟೆ. ಮರುದಿನ ಅವರು ಬಂದು, "ಸಿಸ್ಟರ್, ಭಯ ಇಲ್ಲದೆ ಈ ಜನ ಬಗ್ಗಲ್ಲ" ಎಂದು ತಾವೇ ಮೊಳೆಗೆ ಸಿಕ್ಕಿಸಿದರು. ನನಗೂ ಆಗ ಹಾಗೇ ಅನ್ನಿಸುತ್ತಿತ್ತು, ಆದರೆ ಆ ಚಿತ್ರ ನೋಡುತ್ತಾ ನನ್ನ ಡಬ್ಬಿ ತೆಗೆದು ಉಣ್ಣಲು ಆಗುತ್ತಿರಲಿಲ್ಲ. ಇಳಿಸಿದ್ದು ಅಷ್ಟಕ್ಕೇ.

ನನ್ನ ಪಾಠ ಅವರದಕ್ಕಿಂತ ಉದ್ದ, ಆದರೆ ಜಾತಿ ಅದೇ. ಜಿಲೇಬಿ ಬೇಡ, ರಬಡಿ ಬೇಡ, ಬೆಳಗಿನ ಕಚೋರಿ ಬೇಡ, ಬರಿಗಾಲಲ್ಲಿ ಘಾಟಿಗೆ ಇಳಿಯುವುದು ಬೇಡ, ಮಾತ್ರೆ ಬಿಡಬೇಡ. ಬನಾರಸಿನವನಿಗೆ ಇಷ್ಟು ಹೇಳಿದರೆ ಊರು ಬಿಟ್ಟು ಹೋಗು ಅಂದಂತೆ. ಕೊನೆಗೆ "ಸಮಝೇ?" ಎಂದು ಕೇಳುತ್ತಿದ್ದೆ, ತಿಳಿಯಿತೇ ಎಂದು. ಬೆಂಚಿನುದ್ದಕ್ಕೂ ತಲೆಗಳು ಆಡುತ್ತಿದ್ದವು. ಹಾಂ ದೀದಿ, ಹಾಂ ದೀದಿ. ನಾನು ಕಾರ್ಡಿನ ಮೇಲೆ "ತಿಳಿಸಲಾಗಿದೆ" ಎಂದು ಬರೆದು ಮುಂದಿನವರನ್ನು ಕರೆಯುತ್ತಿದ್ದೆ.

ಆ ಬೆಂಚಿನ ಮೇಲೆ ಊರ್ಮಿಳಾ ದೇವಿ ಎಂಬ ಹೆಂಗಸು ಬರುತ್ತಿದ್ದಳು. ಸೀರೆ ವ್ಯಾಪಾರದ ದೊಡ್ಡ ಕೂಡುಕುಟುಂಬದ ನಡುವಿನ ಸೊಸೆ. ಏನು ಕೇಳಿದರೂ ಬಾಯಿಪಾಠ. ಯಾವ ಬೇಳೆಯಲ್ಲಿ ಏನಿದೆ, ಯಾವ ಹಣ್ಣು ಎಷ್ಟು, ಎಲ್ಲ ಹೇಳುತ್ತಿದ್ದಳು. ಆದರೆ ಅವಳ ಸಕ್ಕರೆ ಒಂದು ತಿಂಗಳೂ ಇಳಿಯಲಿಲ್ಲ. ಒಂದು ದಿನ ನನಗೆ ರೇಗಿತು. ಎಲ್ಲರೆದುರು, "ಇಷ್ಟು ತಿಳಿದವಳಿಗೆ ಬಾಯಿ ಕಟ್ಟಲು ಬರುವುದಿಲ್ಲವೇ?" ಎಂದುಬಿಟ್ಟೆ. ಅವಳು ಸಿಟ್ಟಾಗಲಿಲ್ಲ. ತಗ್ಗಿದ ದನಿಯಲ್ಲಿ, "ಜಾನತ್ ತ ಸಬ್ ಬಾನೀ ದೀದಿ, ಬಾಕಿರ್ ಘರ್ ಮೇ ಹಮಾರ್ ಚಲೇ ತಬ್ ನ" ಎಂದಳು. ಗೊತ್ತಿರುವುದೆಲ್ಲ ಗೊತ್ತಿದೆ, ಮನೆಯಲ್ಲಿ ನನ್ನ ಮಾತು ನಡೆಯಬೇಕಲ್ಲ ಎಂದು. ಎಲ್ಲರೂ ಉಂಡಾದ ಮೇಲೆ ಮಧ್ಯಾಹ್ನ ನಾಲ್ಕಕ್ಕೆ ಉಳಿದ ಅನ್ನ, ಉಳಿದ ಆಲೂಗಡ್ಡೆ ಪಲ್ಯ ಅವಳ ಊಟ. ಅತ್ತೆ ಕೊಟ್ಟ ಲಡ್ಡು ಬೇಡವೆಂದರೆ ಅದು ಸೊಕ್ಕು. ಅವಳಿಗೆ ನಾನು ಕಲಿಸಬೇಕಾಗಿದ್ದದ್ದು ಆಹಾರದ ಪಟ್ಟಿಯನ್ನಲ್ಲ. ಏನನ್ನು ಎಂಬುದು ನನಗೂ ಗೊತ್ತಿರಲಿಲ್ಲ. ಆಮೇಲೆ ಅವಳು ಬರುವುದು ನಿಂತಿತು. ಯಾಕೆ ಎಂದು ವಿಚಾರಿಸಲು ನಾನು ಹೋಗಲಿಲ್ಲ. ಹೋಗಬೇಕಾಗಿತ್ತು.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಇದನ್ನು ಬರೆಯದಿದ್ದರೆ ಉಳಿದದ್ದು ಬರೆದು ಪ್ರಯೋಜನವಿಲ್ಲ.

ಹರಿಶ್ಚಂದ್ರ ಘಾಟಿನಿಂದ ಸ್ವಲ್ಪ ಮುಂದೆ, ಕೇದಾರದ ಹಿಂದಿನ ಗಲ್ಲಿಯಲ್ಲಿ ಗಣಪತಿ ಭಟ್ಟರ ಮನೆ. ಅವರ ಅಜ್ಜನ ಕಾಲದಲ್ಲಿ ಶಿರಸಿ ಕಡೆಯಿಂದ ಬಂದವರು. ಕರ್ನಾಟಕದಿಂದ ಬರುವವರಿಗೆ ಅಸ್ಥಿ ವಿಸರ್ಜನೆ, ಪಿಂಡಪ್ರದಾನ ಮಾಡಿಸುವುದು ಮನೆತನದ ಕೆಲಸ. ಭಟ್ಟರಿಗೆ ಐವತ್ತರ ಹತ್ತಿರ ಸಕ್ಕರೆ ಕಾಯಿಲೆ ಬಂತು. ಆಸ್ಪತ್ರೆಯಲ್ಲಿ ಕನ್ನಡ ಮಾತಾಡುವ ನರ್ಸ್ ಇದ್ದಾಳೆಂದು ಕೇಳಿ ನಮ್ಮಲ್ಲಿಗೇ ಬಂದರು. ಡಾಕ್ಟರು ಮಾತ್ರೆ ಬರೆದರು. ನಾನು ತಾಯಿನುಡಿ ಸಿಕ್ಕ ಹುರುಪಿನಲ್ಲಿ ಅರ್ಧ ಗಂಟೆ ಪಾಠ ಮಾಡಿದೆ. ಕೊನೆಗೆ, "ಭಟ್ಟರ, ಏನ ಆಗ್ಲಿ, ಮುಂಜಾನೆ ಗುಳಿಗಿ ಮಾತ್ರ ತಪ್ಪಿಸಬ್ಯಾಡ್ರಿ. ತಿಳೀತ?" ಎಂದೆ.

"ತಿಳೀತು ಅಮ್ಮಾ. ಸಂಧ್ಯಾವಂದನೆ ತಪ್ಪಿಸೂದಿಲ್ಲ, ಇದನ್ನೂ ತಪ್ಪಿಸೂದಿಲ್ಲ" ಎಂದರು.

ತಪ್ಪಿಸಲಿಲ್ಲ. ಅದೇ ಆದದ್ದು. ಶ್ರಾದ್ಧ ಮಾಡಿಸುವ ದಿನ ಅವರು ಕರ್ಮ ಮುಗಿಯುವ ತನಕ ನೀರು ಸಹ ಮುಟ್ಟುವವರಲ್ಲ. ಒಂದರ ಹಿಂದೊಂದು ಕುಟುಂಬ ಬಂದರೆ ಮಧ್ಯಾಹ್ನ ಎರಡೂ ಆದೀತು, ಮೂರೂ ಆದೀತು. ಪಿತೃಪಕ್ಷದ ಒಂದು ದಿನ ಬೆಳಿಗ್ಗೆ ಆರಕ್ಕೆ ಮಾತ್ರೆ ನುಂಗಿ ಘಾಟಿಗೆ ಇಳಿದಿದ್ದಾರೆ. ದಾವಣಗೆರೆ ಕಡೆಯ ಕುಟುಂಬ, ತೀರಿಕೊಂಡ ತಂದೆಗೆ ಮಗ ಪಿಂಡ ಇಡಲು ಕೂತಿದ್ದ. ಮಧ್ಯಾಹ್ನ ಸಮೀಪಿಸಿದಾಗ ಭಟ್ಟರ ನಾಲಿಗೆ ತೊದಲಿತು. ಬೆವರು ಇಳಿಯಿತು. ಗೋತ್ರ ತಪ್ಪಿತು. ಸತ್ತ ತಂದೆಯ ಹೆಸರು ಹೇಳಬೇಕಾದಲ್ಲಿ, ಎದುರಿಗೆ ಕೂತಿದ್ದ ಬದುಕಿರುವ ಮಗನ ಹೆಸರು ಹೇಳಿ ಪಿಂಡ ಇಡಿಸಿಬಿಟ್ಟರು.

ಆ ಮಗನ ತಾಯಿ ಕಿರುಚಿದಳು. ಯಾರೋ, "ಪಂಡಿತ್‌ಜೀ ಭಾಂಗ್ ಖಾಯೇ ಹೈ" ಎಂದರು, ಭಂಗಿ ಸೇವಿಸಿ ಬಂದಿದ್ದಾರೆ ಎಂದು. ಈ ಊರಲ್ಲಿ ಅದನ್ನು ನಂಬುವುದು ಸುಲಭ. ಆ ಕುಟುಂಬದವರು ಅವರನ್ನು ಹಿಡಿದು ಅಲ್ಲಾಡಿಸುತ್ತಿದ್ದಾಗ ಭಟ್ಟರು ಮೆಟ್ಟಿಲ ಮೇಲೇ ಒರಗಿದರು.

ಅಲ್ಲಿ ಹೂವು ಮಾರುವ ಫೂಲಮತಿ ಎಂಬ ಮುದುಕಿ ಇದ್ದಳು. ಅವಳೂ ನಮ್ಮ ಬೆಂಚಿನವಳೇ. ಅವಳು ನನ್ನ ಪಾಠ ಶುರುವಾದ ಕೂಡಲೆ ಕಣ್ಣು ಮುಚ್ಚುತ್ತಿದ್ದಳು. ಪ್ರಶ್ನೆ ಕೇಳಿದರೆ ನಗುತ್ತಿದ್ದಳು. ಅವಳ ಕಾರ್ಡಿನ ಮೇಲೆ ನಾನೇ "ಗಮನವಿಲ್ಲ" ಎಂದು ಬರೆದಿದ್ದೆ. ಆ ದಿನ ಅವಳು ಬುಟ್ಟಿ ಬಿಟ್ಟು ಎದ್ದು ಬಂದು, "ನಸಾ ನಾ ಹ! ಚೀನೀ ಗಿರ್ ಗಈಲ್ ಬಾ!" ಎಂದು ಕೂಗಿದಳಂತೆ. ನಶೆಯಲ್ಲ, ಸಕ್ಕರೆ ಇಳಿದಿದೆ ಎಂದು. ಪೂಜೆಗೆಂದು ಮಾರಲು ಇಟ್ಟಿದ್ದ ಬತ್ತಾಸನ್ನು ಪುಡಿ ಮಾಡಿ ಭಟ್ಟರ ಕೆನ್ನೆಯೊಳಗೆ ಒತ್ತಿದಳು. ಮುಟ್ಟಬೇಡ ಎಂದವರನ್ನು ಮೊಣಕೈಯಿಂದ ತಳ್ಳಿದಳು. ನನಗೆ ಸುದ್ದಿ ಮುಟ್ಟಿ ನಾನು ಓಡಿ ಹೋಗುವ ಹೊತ್ತಿಗೆ ಭಟ್ಟರು ಎದ್ದು ಕೂತಿದ್ದರು. ದಾವಣಗೆರೆಯವರು ಬೇರೆ ಪುರೋಹಿತರನ್ನು ಹುಡುಕಿಕೊಂಡು ಹೋಗಿದ್ದರು.

ಭಟ್ಟರು ನನ್ನನ್ನು ನೋಡಿದರು. "ನೀವು ಹೇಳಿದ್ದನ್ನೇ ಮಾಡಿದೆ ಅಮ್ಮಾ. ಒಂದು ದಿನಾನೂ ತಪ್ಪಿಸ್ಲಿಲ್ಲ" ಎಂದರು. ಅಷ್ಟೇ ಮಾತು.

ಅರ್ಧ ಗಂಟೆ ಪಾಠ ಮಾಡಿದ್ದೆ. ಆ ಮಾತ್ರೆ ನುಂಗಿ ಉಣ್ಣದೆ ಇದ್ದರೆ ಸಕ್ಕರೆ ತೀರಾ ಕೆಳಗಿಳಿಯುತ್ತದೆ. ನೀವು ಎಷ್ಟು ಹೊತ್ತಿಗೆ ಉಣ್ಣುತ್ತೀರಿ ಎಂಬ ಒಂದು ಪ್ರಶ್ನೆ ಕೇಳಿರಲಿಲ್ಲ. ಡಾಕ್ಟರೂ ಕೇಳಿರಲಿಲ್ಲ, ಆದರೆ ಭಟ್ಟರ ಭಾಷೆ ನನಗೆ ಬರುತ್ತಿತ್ತು, ಅವರ ಕೆಲಸ ಏನೆಂದು ನನಗೆ ಗೊತ್ತಿತ್ತು. ತಪ್ಪು ನನ್ನದೇ.

ಮರುವಾರ ಫೂಲಮತಿ ಬಂದಾಗ, ನಿನಗೆ ಹೇಗೆ ತಿಳಿಯಿತು ಎಂದು ಕೇಳಿದೆ. ಅವಳಿಗೆ ಆ ಪ್ರಶ್ನೆಯೇ ವಿಚಿತ್ರ ಕಂಡಿತು. "ನೀನೇ ಹೇಳಿದ್ದಲ್ಲ ದೀದಿ? ನಡುಕ, ಬೆವರು, ತಪ್ಪು ಮಾತು. ಕಣ್ಣು ಮುಚ್ಚಿದರೆ ನನಗೆ ಚೆನ್ನಾಗಿ ಕೇಳಿಸುತ್ತೆ" ಎಂದು ತನ್ನ ಭೋಜಪುರಿಯಲ್ಲಿ ಹೇಳಿದಳು. ನಾನು ಅವಳ ಕಾರ್ಡಿನ ಮೇಲಿನ ಬರಹವನ್ನು ಹೊಡೆದುಹಾಕಿದೆ. ಅವಳಿಗೆ ಓದಲು ಬರುತ್ತಿರಲಿಲ್ಲವಾದ್ದರಿಂದ ನನ್ನ ಮರ್ಯಾದೆ ಉಳಿಯಿತು.

ಅಂದಿನಿಂದ ನಾನು "ಸಮಝೇ?" ಎಂದು ಕೇಳುವುದನ್ನು ಬಿಟ್ಟೆ. ಅದಕ್ಕೆ ಬದಲಾಗಿ, "ಮನೆಗೆ ಹೋಗಿ ಸೊಸೆಗೆ ಏನು ಹೇಳುತ್ತೀರಿ, ನನಗೆ ಹೇಳಿ ತೋರಿಸಿ" ಎಂದು ಕೇಳತೊಡಗಿದೆ. ಆಗ ಗೊತ್ತಾಯಿತು ನನ್ನ ಪಾಠದ ಗತಿ. ಒಬ್ಬರು ಮಾತ್ರೆ ತಿಂದರೆ ಜಿಲೇಬಿ ತಿನ್ನಬಹುದು ಎಂದು ತಿಳಿದಿದ್ದರು. ಇನ್ನೊಬ್ಬರು ಸಕ್ಕರೆ ಸರಿಯಾದ ದಿನ ಮಾತ್ರೆ ಬೇಡ ಎಂದು. ಮತ್ತೊಬ್ಬರು ಇನ್ಸುಲಿನ್ ಎಂದರೆ ಸಾಯುವ ಮುಂಚಿನ ಮದ್ದು ಎಂದು. ಇವರೆಲ್ಲ ನನಗೆ ವರ್ಷಗಟ್ಟಲೆ "ಹಾಂ ದೀದಿ" ಎಂದವರು. ಪಾಠಕ್ಕೆ ಮುಂಚೆ ಇನ್ನೊಂದು ಪ್ರಶ್ನೆ ಸೇರಿಸಿದೆ: ನಿಮ್ಮ ಒಂದು ದಿನ ಹೇಗಿರುತ್ತದೆ ಹೇಳಿ, ಎದ್ದಾಗಿನಿಂದ. ಇದರಿಂದ ಒಬ್ಬೊಬ್ಬರಿಗೆ ಹಿಡಿಯುವ ಹೊತ್ತು ಮೂರು ಪಟ್ಟಾಯಿತು. ಸಾಲು ಗಲ್ಲಿಗೆ ಇಳಿಯಿತು. ಸಾಹೇಬರು ಬೈದರು. ಮನೆಗೆ ಬರುವಾಗ ನನ್ನ ಕಾಲಿನಲ್ಲಿ ಜೀವವಿರುತ್ತಿರಲಿಲ್ಲ.

ಆ ಸಾಹೇಬರ ಮಾತನ್ನೂ ಹೇಳಿಬಿಡುತ್ತೇನೆ. ಒಂದು ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ಅವರು ನನ್ನ ಮೇಜಿನ ಮುಂದೆ ಕೂತು ಬೆರಳು ಚಾಚಿದರು. ನಾನು ಏನೂ ಕೇಳದೆ ಚುಚ್ಚಿದೆ. ಮುನ್ನೂರಕ್ಕೂ ಮೇಲೆ ಬಂತು. ಅವರು ಆಶ್ಚರ್ಯಪಡಲಿಲ್ಲ. ನಾಲ್ಕು ವರ್ಷದಿಂದ ಇದೆ ಎಂದರು. ಯಾರಿಗೂ ಹೇಳಿಲ್ಲ, ಮನೆಯಲ್ಲೂ ಹೇಳಿಲ್ಲ. "ಮುಝಸೇ ನಹೀ ಹೋತಾ, ಸಿಸ್ಟರ್" ಎಂದರು. ನನ್ನಿಂದ ಆಗುತ್ತಿಲ್ಲ. ಅರ್ಧ ಊರಿಗೆ ಬೈದ ಬಾಯಿ ಅದು. "ಬೆಳಿಗ್ಗೆ ಎದ್ದ ಮೇಲೆ ನಿಮ್ಮ ದಿನ ಹೇಗೆ ಶುರುವಾಗುತ್ತೆ ಸಾಬ್?" ಎಂದು ಕೇಳಿದೆ. ಅವರು ಒಂದೊಂದಾಗಿ ಹೇಳಿದರು. ಮುಂದಿನ ಸೋಮವಾರ ನೋಡಿದಾಗ ಗೋಡೆಯ ಮೇಲೆ ಮೊಳೆ ಮಾತ್ರ ಇತ್ತು.

ಆಮೇಲಿನ ವರ್ಷಗಳಲ್ಲಿ ಮೊಬೈಲ್ ಬಂತು. ನಾನು ಒಂದು ಗಂಟೆ ಕೂತು ಕಲಿಸಿದ್ದನ್ನು ಒಂದು ನಿಮಿಷದ ವಿಡಿಯೊ ಅಳಿಸಿಹಾಕುತ್ತಿತ್ತು. ಹಾಗಲಕಾಯಿ ರಸ ಕುಡಿದು ಇನ್ಸುಲಿನ್ ಬಿಟ್ಟವರು, ಯಾವುದೋ ಬೀಜದ ಪುಡಿಯಿಂದ ಕಾಯಿಲೆ ಬುಡಸಮೇತ ಹೋಯಿತೆಂದು ಬೆಂಚಿನ ಮೇಲೆ ಪ್ರಚಾರ ಮಾಡಿದವರು. ಜಗಳವಾಡಿ ಪ್ರಯೋಜನವಿಲ್ಲ ಎಂದು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. "ರಸವನ್ನೂ ಕುಡಿಯಿರಿ, ಸೂಜಿಯನ್ನೂ ಬಿಡಬೇಡಿ" ಎಂಬಲ್ಲಿಗೆ ಬಂದು ನಿಂತೆ. ಗೆಲುವಲ್ಲ ಅದು, ದಣಿದವರ ಒಪ್ಪಂದ.

ಇಷ್ಟರಲ್ಲಿ ಭಟ್ಟರು ನಮ್ಮ ಆಸ್ಪತ್ರೆಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದರು. ಘಾಟಿನಲ್ಲಿ ಅವಮಾನವಾದ ದಿನವೇ ಮಾತ್ರೆಗಳನ್ನು ಗಂಗೆಗೆ ಹಾಕಿದರಂತೆ. ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದರು. ಆದರೆ ಅವರ ಹೆಂಡತಿ ಸುಮತಿ ಗುರುವಾರ ತರಕಾರಿ ಚೀಲ ಹಿಡಿದು ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ತನಗೆ ಕಾಯಿಲೆ ಇಲ್ಲ. ನಾಲ್ಕು ಜನರೆದುರು ದನಿ ಎತ್ತಿದವಳಲ್ಲ, ಹಿಂದಿಯೂ ತಡವರಿಸುತ್ತಿತ್ತು. ಸುಮ್ಮನೆ ಕೇಳಿಕೊಂಡು ಹೋಗುತ್ತಿದ್ದಳು. ಒಮ್ಮೆ, "ಅವ್ರಿಗೆ ಹೇಳ್ಬೇಡಿ ನೀಲಕ್ಕ" ಎಂದಳು, ಅಷ್ಟೇ.

ಜ್ಯೇಷ್ಠದ ಬಿಸಿಲಿನಲ್ಲಿ ಒಂದು ದಿನ ಅವಳೇ ಓಡಿಬಂದಳು. "ನೀಲಕ್ಕ, ಬನ್ನಿ. ಪಾದ ನೋಡಿ. ಸುಟ್ಟಿದೆ, ಅವ್ರಿಗೆ ನೋವೇ ಇಲ್ಲ ಅಂತಾರೆ."

ನೋವಿಲ್ಲ ಎನ್ನುವುದೇ ನನಗೆ ಹೆದರಿಕೆಯ ಮಾತು. ಹೋಗಿ ನೋಡಿದೆ. ಕೆಲವು ದಿನಗಳ ಹಿಂದೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಸಂಕಲ್ಪ ಮಾಡಿಸಿದ್ದಾರೆ. ಅಂಗಾಲು ಬೊಬ್ಬೆ ಎದ್ದು ಒಡೆದಿದೆ, ಎರಡು ಬೆರಳು ಕಪ್ಪಾಗಿವೆ, ವಾಸನೆ ಬರುತ್ತಿದೆ. ಪರಿಚಯದವರ ಮೂಲಕ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಯ ಶಸ್ತ್ರವೈದ್ಯರು ಬೆರಳು ತೆಗೆಯಲೇಬೇಕು ಎಂದರು.

ಭಟ್ಟರು ಒಪ್ಪಲಿಲ್ಲ. "ಅಂಗ ಊನ ಆದವ ಕರ್ಮಕ್ಕೆ ಕೂರೂ ಹಾಗಿಲ್ಲ ಅಮ್ಮಾ. ಬೆರಳು ಹೋದ ಮೇಲೆ ನಾನು ಯಾರು? ಇರಲಿ ಬಿಡಿ, ಇಲ್ಲಿ ಸತ್ತರೂ ಕಾಶಿಯಲ್ಲೇ ಸತ್ತ ಹಾಗೆ ಆಯ್ತು." ನಾನು ಗೊತ್ತಿದ್ದ ಮಾತೆಲ್ಲ ಆಡಿದೆ. ವಿಷ ಏರುತ್ತದೆ ಎಂದೆ, ಕಾಲೇ ಹೋಗುತ್ತದೆ ಎಂದೆ. ಸಾಹೇಬರು ಬೆಂಚಿಗೆಲ್ಲ ಹೇಳುತ್ತಿದ್ದ ಮಾತನ್ನೇ ನಾನೂ ಆಡಿದೆ. ಅವರು ಗೋಡೆ ನೋಡುತ್ತಾ ಮಲಗಿದರು. ನನಗೆ ನಿಜವಾಗಿ ಸಾಕಾಗಿತ್ತು. ಹೊರಗಿನ ಬೆಂಚಿನ ಮೇಲೆ ಹೋಗಿ ಕೂತುಬಿಟ್ಟೆ.

ಬಾಗಿಲು ತೆರೆದೇ ಇತ್ತು. ಶಸ್ತ್ರವೈದ್ಯರು ಬಂದು, ಸಹಿ ಹಾಕದಿದ್ದರೆ ಕರೆದುಕೊಂಡು ಹೋಗಿ ಎಂದು ಹೊರಟರು. ಸುಮತಿ ಅವರಿಗೆ ಅಡ್ಡ ನಿಂತಳು. ತಡವರಿಸುವ ಹಿಂದಿಯಲ್ಲಿ, "ಡಾಕ್ಟರ್ ಸಾಬ್, ತೀನ್ ಬಾತ್ ಪೂಛನಾ ಹೈ" ಎಂದಳು. ಮೂರು ಮಾತು ಕೇಳಬೇಕು. ಬೆರಳು ತೆಗೆದರೆ ಇವರು ತಮ್ಮ ಕಾಲ ಮೇಲೆ ಘಾಟಿನ ತನಕ ನಡೆಯಬಲ್ಲರೇ? ತೆಗೆಯದಿದ್ದರೆ ಎಷ್ಟು ದಿನ? ಇನ್ನೊಂದು ಪಾದ ಉಳಿಸಿಕೊಳ್ಳಲು ಮನೆಯಲ್ಲಿ ನಾನು ದಿನಾ ಏನೇನು ಮಾಡಬೇಕು? ವೈದ್ಯರು ವಾಚು ನೋಡಿದರು. ಆಮೇಲೆ ಸ್ಟೂಲು ಎಳೆದು ಕೂತರು. ಒಂದೊಂದಕ್ಕೂ ಉತ್ತರ ಹೇಳಿದರು. ಅವಳು ಪ್ರತಿ ಉತ್ತರವನ್ನೂ ತನ್ನ ಮಾತಲ್ಲಿ ತಿರುಗಿ ಹೇಳಿ, "ಹೀಗೇ ತಾನೇ?" ಎಂದು ಖಚಿತ ಮಾಡಿಕೊಂಡಳು.

ಅನಂತರ ಗಂಡನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು: "ಕರ್ಮ ಮಾಡ್ಸೋಕೆ ಕಾಶಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನ ಎದುರಿಗೆ ಕೂತು ಉಣ್ಣೋಕೆ ನೀವೊಬ್ರೇ ಇರೋದು."

ಹೆಂಡತಿ ಡಾಕ್ಟರನ್ನು ಹೀಗೆ ಕೂರಿಸಿ ಪ್ರಶ್ನೆ ಕೇಳಿದ್ದನ್ನು ಭಟ್ಟರು ಹಿಂದೆಂದೂ ಕಂಡಿರಲಿಲ್ಲ. "ಇದೆಲ್ಲ ಎಲ್ಲಿ ಕಲಿತೆ?" ಎಂದರು. ಅವಳು ಸಹಿಯ ಕಾಗದವನ್ನು ಅವರ ಮುಂದೆ ಹಿಡಿದಳು. ಅವರು ಕಾಗದಕ್ಕೆ ಕೈ ಚಾಚಿದರು.

ಎರಡು ಬೆರಳು ಹೋದವು. ಕಾಲು ಉಳಿಯಿತು. ಹಿರಿಯ ಪುರೋಹಿತರು ಕೆಲವರು ಹೇಳಬಾರದ್ದನ್ನು ಹೇಳಿದರು, ಕೆಲವು ಹಳೆಯ ಕುಟುಂಬಗಳು ಬಿಟ್ಟುಹೋದವು. ಭಟ್ಟರು ಒಂದು ವರ್ಷ ಮನೆಯಿಂದ ಹೊರಗೇ ಬರಲಿಲ್ಲ. ಕಾಯಿಲೆಗಿಂತ ಆ ವರ್ಷವೇ ಅವರನ್ನು ಹೆಚ್ಚು ತಿಂದಿತು. ಪಾದದ ಗಾಯ ಮಾಯಿಸಲು ನಮ್ಮ ಬಳಿ ಮುಲಾಮು ಇತ್ತು, ಆ ಮಂಕಿಗೆ ಏನೂ ಇರಲಿಲ್ಲ. ಗುರುವಾರ ಹೋಗಿ ಕೂತು ಬರುತ್ತಿದ್ದೆ. ಅವರು ಮಾತಾಡಿದ ದಿನ ಕಡಿಮೆ. ಕೊನೆಗೆ ಅವರ ತಮ್ಮನ ಮಗ ಕರ್ಮ ಮಾಡಿಸಲು ಶುರುಮಾಡಿ, ಕನ್ನಡದವರ ಕಷ್ಟಸುಖ ವಿಚಾರಿಸಲು ನೀವು ಬಂದು ಕೂತಿರಿ ಸಾಕು ಎಂದು ಕರೆದುಕೊಂಡು ಹೋದ. ಬಟ್ಟೆಯ ಶೂ ಹಾಕಿಕೊಂಡು, ಮೆಟ್ಟಿಲ ಮೇಲಿನ ಕಟ್ಟೆಯಲ್ಲಿ ಕೂರತೊಡಗಿದರು.

ಹೋದ ತಿಂಗಳು ಒಂದು ಬೆಳಿಗ್ಗೆ ನಾನು ಆ ಕಡೆ ಹೋಗಿದ್ದೆ. ಹಾವೇರಿ ಕಡೆಯ ಒಂದು ಕುಟುಂಬ ಬಂದಿತ್ತು. ಗಂಡನ ಅಸ್ಥಿ ತಂದಿದ್ದ ವಯಸ್ಸಾದ ಹೆಂಗಸು, ಇಬ್ಬರು ಗಂಡುಮಕ್ಕಳು. ಎಲ್ಲ ಸಿದ್ಧವಾಗಿತ್ತು. ಭಟ್ಟರು ಕಟ್ಟೆಯಿಂದ ಇಳಿದು ಬಂದು ಆ ಹೆಂಗಸಿನ ಎದುರು ಕೂತರು.

"ಅಮ್ಮಾ, ಶುಗರ್ ಇದ್ಯಾ ನಿಮಗೆ?"

"ಏನೂ ಇಲ್ರಿ ಅವ್ವಗ" ಎಂದ ದೊಡ್ಡ ಮಗ.

ಭಟ್ಟರು ಮಗನ ಕಡೆ ನೋಡಲಿಲ್ಲ. "ಅಮ್ಮಾ, ನನಗೂ ಇದೆ. ಮಾತ್ರೆ ತಗೊಂಡ್ರಾ ಇವತ್ತು?"

ಆ ಹೆಂಗಸು ಸೆರಗು ಬಿಗಿಹಿಡಿದಳು. "ತಗೊಂಡೇನ್ರಿ" ಎಂದಳು ಸಣ್ಣ ದನಿಯಲ್ಲಿ. ನಿನ್ನೆ ರೈಲಿನಲ್ಲಿ ಏನೋ ತಿಂದದ್ದು, ಆಮೇಲೆ ಏನೂ ಇಲ್ಲ. ಕೆಲಸ ಮುಗಿಯೂ ತನಕ ತಿನ್ನಬಾರದಂತಲ್ರಿ ಎಂದಳು. ಅವಳ ಹಣೆಯಲ್ಲಿ ಆಗಲೇ ಬೆವರಿತ್ತು.

ಭಟ್ಟರು ತಮ್ಮನ ಮಗನಿಗೆ ಕೈ ಅಡ್ಡ ಮಾಡಿ ನಿಲ್ಲಿಸಿದರು. ಹಾಲು ತರಿಸಿದರು, ಸಕ್ಕರೆ ಹಾಕಿಸಿದರು, ಎರಡು ಬಾಳೆಹಣ್ಣು ತರಿಸಿದರು. ದೊಡ್ಡ ಮಗ, "ಭಟ್ಟರ, ಶಾಸ್ತ್ರ ಕೆಡತೈತೇನ್ರಿ?" ಎಂದು ಕೇಳಿದ.

"ಹೋದವರು ಕಾಯ್ತಾರಪ್ಪ. ಅವರಿಗೆ ಅವಸರ ಇಲ್ಲ. ನಿಮ್ಮ ತಾಯಿ ಮೊದಲು ಉಣ್ಣಲಿ."

ಹೆಂಗಸು ಹಾಲಿನ ಲೋಟ ಎರಡೂ ಕೈಯಲ್ಲಿ ಹಿಡಿದು ಅಳತೊಡಗಿದಳು. ಗಂಡ ಹೋದ ದಿನದಿಂದ ಉಂಡೆಯಾ ಎಂದು ಯಾರೂ ಕೇಳಿರಲಿಲ್ಲ ಎಂದಳು. ಭಟ್ಟರು, "ಕುಡೀರಿ, ಆಮೇಲೆ ಅಳೋಣ" ಎಂದು ವಾಚು ನೋಡಿಕೊಂಡರು. ಹದಿನೈದು ನಿಮಿಷ ಆ ಕುಟುಂಬ, ತಮ್ಮನ ಮಗ, ಭಟ್ಟರು, ನಾನು, ಎಲ್ಲರೂ ಗಂಗೆಯ ಕಡೆ ಮುಖ ಮಾಡಿ, ಅವಳ ಸಕ್ಕರೆ ಏರಲೆಂದು ಕಾಯುತ್ತ ಕೂತೆವು. ಹೆಂಗಸು ಎರಡನೆಯ ಬಾಳೆಹಣ್ಣು ಸುಲಿದಳು.